ಬಿಟ್ಟುಹೋದವರ ಊಟ

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಹನ್ನೊಂದು ಜನ ಫೋನ್ ಮಾಡಿ ಅಮೋಸ್ ಗಿಲರಿಗೆ ಸಮಾಧಾನ ಹೇಳಿದ್ದರು. ಆ ಸಮಾಧಾನ ಸಲ್ಲಬೇಕಾದದ್ದು ಅವನಿಗಲ್ಲ. ಆದರೆ ಜನ ಅಷ್ಟು ಪ್ರೀತಿಯಿಂದ ಕೊಡುತ್ತಿರುವಾಗ ಇದು ನನ್ನದಲ್ಲ ಎಂದು ಹಿಂದಿರುಗಿಸಲು ಗುಂಡಿಗೆ ಬೇಕು, ಅದು ಅವನಿಗಿರಲಿಲ್ಲ. ಪ್ರತಿ ಸಲವೂ "ಹ್ಞೂಂ, ಏನ್ಮಾಡೋದು" ಎಂದು ಫೋನಿಟ್ಟ.

ವಿಷಯ ಇಷ್ಟೇ. ವರ್ಷದ ದೊಡ್ಡ ಸಿನಿಮಾ ಪ್ರಶಸ್ತಿಗೆ ಸ್ಪರ್ಧಿಸುವವರ ಪಟ್ಟಿ ಅವತ್ತು ಬೆಳಗಿನ ಐದೂವರೆಗೆ ಹೊರಬಿದ್ದಿತ್ತು. ಮೇಕಪ್ ಮತ್ತು ಕೇಶಾಲಂಕಾರದ ವಿಭಾಗದಲ್ಲಿ ಮೂರು ಚಿತ್ರಗಳ ಹೆಸರಿತ್ತು. ಒಂದರಲ್ಲಿ ನಾಯಕನಿಗೆ ದೊಡ್ಡ ಮೂಗು ಅಂಟಿಸಿದ್ದರು, ಇನ್ನೊಂದರಲ್ಲಿ ಒಬ್ಬ ರಾಜನ ಮೈತುಂಬ ಹುಣ್ಣು ಎಬ್ಬಿಸಿದ್ದರು, ಮೂರನೆಯದರಲ್ಲಿ ಹಸಿರು ಬಣ್ಣದ ರಾಕ್ಷಸರಿದ್ದರು. ‘ಬೂದಿನೀರು’ ಎಂಬ ಚಿತ್ರದ ಹೆಸರು ಮಾತ್ರ ಇರಲಿಲ್ಲ. ಗುಲಾಮಗಿರಿ ಮುಗಿದ ಹೊಸತರಲ್ಲಿ ಜಾರ್ಜಿಯಾದ ಒಂದು ಊರಿನಲ್ಲಿ ಬಿಳಿಯರ ಬಟ್ಟೆ ಒಗೆದು ಬದುಕುತ್ತಿದ್ದ ಹೆಂಗಸರ ಕಥೆ ಅದು. ಅದರ ತಲೆಗೂದಲಿನ ಕೆಲಸವನ್ನೆಲ್ಲ ಮಾಡಿದವಳು ರೊನೆಟ ಪ್ರೂಯಿಟ್, ಅಮೋಸ್‌ನ ಕೈಕೆಳಗೆ ಕಲಿತವಳು. ಅಂಕ ಕೊಟ್ಟು ಆ ಮೂರು ಚಿತ್ರಗಳನ್ನು ಆರಿಸಿದ ಮೂವತ್ತೆಂಟು ಮಂದಿಯಲ್ಲಿ ಕಪ್ಪು ಮನುಷ್ಯ ಒಬ್ಬನೇ ಇದ್ದ. ಅವನೇ ಅಮೋಸ್.

ಹಾಗಾಗಿ ಲಾಸ್ ಏಂಜಲೀಸ್‌ನ ದಕ್ಷಿಣಕ್ಕೆ, ಕ್ರೆನ್ಶಾ ರಸ್ತೆಯ ಆಚೀಚೆ ಅವನನ್ನು ಬಲ್ಲವರೆಲ್ಲ ಒಂದೇ ನೋಟವನ್ನು ಕಲ್ಪಿಸಿಕೊಂಡಿದ್ದರು. ಎಪ್ಪತ್ತನಾಲ್ಕರ ಈ ಮುದುಕ ಮೂವತ್ತೇಳು ಜನರ ನಡುವೆ ಎದ್ದು ನಿಂತು ಮೇಜು ಗುದ್ದಿ ಗುದ್ದಿ ವಾದಿಸಿದ್ದಾನೆ, ಅವರು ಕಿವಿಗೆ ಹಾಕಿಕೊಂಡಿಲ್ಲ. ಚರ್ಚಿನ ಹಿರಿಯಜ್ಜಿ ಮದರ್ ಒಡೆಸ ಅಂತೂ ಅವನ ಆರೋಗ್ಯಕ್ಕೇ ಚಿಂತೆ ಮಾಡಿದಳು.

"ಕೂಗಿ ಕೂಗಿ ನಿನ್ನ ಗಂಟಲು ಬಿದ್ದೋಗಿರ್ಬೇಕು. ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡಿ, ಮಗಾ."

ಗಂಟಲು ಚೆನ್ನಾಗಿಯೇ ಇತ್ತು. ಬಳಸಿದ್ದರೆ ತಾನೇ ಕೆಡುವುದು.

ಹನ್ನೆರಡನೆಯ ಫೋನು ವಾರೆನ್ ಹಾಲ್ವರ್ಸನ್‌ನದು. ಪ್ರಶಸ್ತಿ ಮಂಡಳಿಯ ಈ ವಿಭಾಗಕ್ಕೆ ಅವನೇ ಮುಖ್ಯಸ್ಥ. ಬಿಳಿಯ, ಆದರೆ ಕೆಟ್ಟವನೇನಲ್ಲ. ಅಮೋಸ್‌ನ ಹೆಂಡತಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ಅಮೋಸ್, ಇದೊಂದು ಮಾತು ಹೇಳ್ಲೇಬೇಕು ಅನ್ನಿಸ್ತು. ನಿನ್ನಂಥ ನ್ಯಾಯವಂತ ಇನ್ನೊಬ್ಬ ಇಲ್ಲ ಕಣಯ್ಯಾ. ನಿನ್ನ ಹುಡುಗೀದೇ ಕೆಲಸ, ಆದ್ರೂ ಅವಳ ಪರವಾಗಿ ತುಟಿ ಬಿಚ್ಚಲಿಲ್ಲ ನೀನು. ನಿಜ ಹೇಳ್ಲಾ? ನೀನೊಂದು ಮಾತು ಆಡಿದ್ರೆ ನಮ್ಮಲ್ಲಿ ಅರ್ಧ ಜನ ಆ ಕಡೆ ವಾಲ್ತಿದ್ವಿ. ನಾನಂತೂ ವಾಲ್ತಿದ್ದೆ."

"ಹ್ಞೂಂ," ಎಂದ ಅಮೋಸ್. ಫೋನಿಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಹನ್ನೊಂದು ಜನರ ಸಮಾಧಾನವನ್ನು ಹೇಗೋ ನುಂಗಿಕೊಂಡಿದ್ದವನಿಗೆ ಈ ಒಂದು ಹೊಗಳಿಕೆಯನ್ನು ನುಂಗಲಾಗಲಿಲ್ಲ.

ಹತ್ತು ದಿನದ ಹಿಂದೆ, ಶನಿವಾರ, ಆ ಸಭಾಂಗಣದಲ್ಲಿ ನಡೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಲ್ಲಿನ ಪದ್ಧತಿ ಹೀಗೆ. ಕೊನೆಯ ಸುತ್ತಿಗೆ ಬಂದ ಏಳು ಚಿತ್ರಗಳ ಕೆಲಸಗಾರರು ಒಂದೊಂದು ತಂಡವಾಗಿ ಒಳಗೆ ಬರುತ್ತಾರೆ. ಹತ್ತು ನಿಮಿಷದ ತುಣುಕು ತೋರಿಸುತ್ತಾರೆ, ಮೂರು ನಿಮಿಷ ಮಾತಾಡುತ್ತಾರೆ, ಗಂಟೆ ಬಾರಿಸಿದ ಕೂಡಲೇ ಹೊರಗೆ ಹೋಗುತ್ತಾರೆ. ತುಣುಕಿನಲ್ಲಿ ಸಿನಿಮಾದ ದೃಶ್ಯಗಳು ಮಾತ್ರ ಇರಬೇಕು. ಮೊದಲು ಹೀಗಿತ್ತು, ನಾವು ಕೈಯಿಟ್ಟ ಮೇಲೆ ಹೀಗಾಯಿತು ಎಂದು ತೋರಿಸುವ ಹಾಗಿಲ್ಲ. ಅದನ್ನೆಲ್ಲ ಆ ಮೂರು ನಿಮಿಷದಲ್ಲಿ ಬಾಯಲ್ಲೇ ಹೇಳಬೇಕು. ಆಮೇಲೆ ಬಾಗಿಲು ಹಾಕಿಕೊಂಡು ಮಂಡಳಿಯವರು ತಮ್ಮತಮ್ಮಲ್ಲಿ ಚರ್ಚಿಸಿ, ಚೀಟಿಯಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯುತ್ತಾರೆ. ವಿಗ್ಗು, ಮೂಗು, ಹುಣ್ಣು ಎಲ್ಲವನ್ನೂ ಸಭಾಂಗಣದ ಹಿಂಬದಿಯ ಮೇಜುಗಳ ಮೇಲೆ ಜೋಡಿಸಿಟ್ಟಿರುತ್ತಾರೆ. ಬೇಕಾದವರು ಎದ್ದು ಹೋಗಿ ಮುಟ್ಟಿ ನೋಡಬಹುದು. ಯಾರೂ ಹೋಗುವುದಿಲ್ಲ, ಏಕೆಂದರೆ ಕಾಫಿಯ ಮೇಜು ಇನ್ನೊಂದು ಬದಿಗಿರುತ್ತದೆ.

ಸಭೆ ಶುರುವಾಗುವ ಮುಂಚೆ ರೊನೆಟ ಅವನನ್ನು ಹೊರಗಿನ ಮೊಗಸಾಲೆಯಲ್ಲಿ ಹಿಡಿದು ನಿಲ್ಲಿಸಿದಳು. ನಲವತ್ತೇಳು ವರ್ಷದ ಹೆಂಗಸು, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ನಡುಗುತ್ತಿದ್ದಳು.

"ಮಿಸ್ಟರ್ ಅಮೋಸ್, ನನ್ನ ಕೈ ಮುಟ್ಟಿ ನೋಡಿ. ಮಂಜುಗಡ್ಡೆ ಆಗಿದೆ."

"ಮೂರು ನಿಮಿಷ ತಾನೇ. ನಿನ್ನ ಬಾಯಿಗೆ ಮೂರು ನಿಮಿಷ ಯಾವ ಲೆಕ್ಕ? ನನ್ನ ಅಂಗಡೀಲಿ ಕಸ ಗುಡಿಸೋವಾಗ ಮೂರು ಗಂಟೆ ಒಂದೇ ಉಸಿರಲ್ಲಿ ಮಾತಾಡ್ತಿದ್ದೆ."

"ತಮಾಷೆ ಮಾಡ್ಬೇಡಿ. ಒಳಗೆ ನೀವಿದ್ದೀರಲ್ಲ, ಅದೊಂದೇ ಧೈರ್ಯ ನನಗೆ." ಅವಳು ದನಿ ತಗ್ಗಿಸಿದಳು. "ಗೊತ್ತಾ? ಈ ಮಂಡಳೀಲಿ ನಮ್ಮ ವಿಭಾಗ ಶುರುವಾದಾಗಿಂದ ಪಟ್ಟೀಲಿ ನಮ್ಮವರದು ಒಬ್ಬರ ಹೆಸರೂ ಬಂದಿಲ್ವಂತೆ. ಬಂದ್ರೆ ನಾನೇ ಮೊದಲು."

ಅದನ್ನು ಹೇಳುವಾಗ ಅವಳ ಮನಸ್ಸಿನಲ್ಲಿ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಅಮೋಸ್ ನಕ್ಕು ಅವಳ ಬೆನ್ನು ತಟ್ಟಿದ. ಆದರೆ ‘ಮೊದಲು’ ಎಂಬುದು ಪಾದಕ್ಕೆ ಹೊಕ್ಕ ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು. ನಲವತ್ತಾರು ವರ್ಷ ಆ ಮಾತು ತನಗೆ ಸೇರಿದ್ದು ಎಂದು ಅವನು ನಂಬಿಕೊಂಡಿದ್ದ. ಕಪ್ಪು ನಟಿಯರು ಮನೆಯಿಂದ ಎಣ್ಣೆ, ಬಾಚಣಿಗೆ ತಂದುಕೊಂಡು ಕಾರಿನೊಳಗೇ ಕೂತು ತಲೆ ಬಾಚಿಕೊಳ್ಳುತ್ತಿದ್ದ ಕಾಲದಲ್ಲಿ ಸ್ಟುಡಿಯೊದ ಬಾಗಿಲು ತಟ್ಟಿ ಒಳಗೆ ಹೋದವನು ಅವನು. ನಾಲ್ಕು ಸಲ ಅವನ ಚಿತ್ರ ಕೊನೆಯ ಸುತ್ತಿಗೆ ಬಂದಿತ್ತು, ನಾಲ್ಕು ಸಲವೂ ಬಿಟ್ಟುಹೋಗಿತ್ತು.

ರೊನೆಟಳ ಸರದಿ ಬಂತು. ತುಣುಕು ಓಡುವಾಗ ನಡುವೆ ಧ್ವನಿ ಕೈಕೊಟ್ಟಿತು. ಅದನ್ನು ಸರಿಮಾಡುವಷ್ಟರಲ್ಲಿ ಅವಳ ಮಾತಿನ ಸಮಯ ಕರಗಿಹೋಯಿತು, ಉಳಿದದ್ದು ಅರ್ಧ ನಿಮಿಷ. ಗಾಬರಿಯಲ್ಲಿ ಅವಳು ತನ್ನ ಇಬ್ಬರು ಸಹಾಯಕಿಯರ ಹೆಸರು ಹೇಳಿ ವಂದಿಸಿದಳು, ಅವರನ್ನು ಬಿಡಲು ಮನಸ್ಸಾಗಲಿಲ್ಲ. "ದಯವಿಟ್ಟು ಹಿಂದಿನ ಮೇಜಿನ ಮೇಲಿರೋದನ್ನ ಒಂದ್ಸಲ ನೋಡಿ," ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಹೊರಗೆ ಹೋಗುತ್ತ ಅವಳು ಅಮೋಸ್‌ನ ಕಡೆ ನೋಡಿದಳು. ಉಳಿದದ್ದನ್ನು ನೀವು ಹೇಳ್ತೀರಲ್ಲ ಎಂದು ಆ ನೋಟದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಬಾಗಿಲು ಮುಚ್ಚಿತು. ಹಾಲ್ವರ್ಸನ್ ಕನ್ನಡಕವನ್ನು ಹಣೆಗೇರಿಸಿದ.

"ಸಿನಿಮಾ ತುಂಬಾ ಚೆನ್ನಾಗಿದೆ. ನನಗೆ ಕಣ್ಣಲ್ಲಿ ನೀರು ಬಂತು. ಆದ್ರೆ ಅದು ನಟಿಯರದೇ ಕೂದಲು ತಾನೇ? ಎಣ್ಣೆ ಹಚ್ಚದೆ ಬಾಚದೆ ಬಿಟ್ಟಿದ್ದಾರೆ, ಅಷ್ಟೇ. ನಮ್ಮ ವಿಭಾಗಕ್ಕೆ ಇದರಲ್ಲೇನಿದೆ?"

"ತಲೆ ಬಾಚದೇ ಇದ್ದಿದ್ದಕ್ಕೂ ಬಹುಮಾನ ಕೊಡೋದಾದ್ರೆ ನನ್ನ ಮಗನಿಗೆ ಕೊಡಿ," ಎಂದಳು ಮುಂದಿನ ಸಾಲಿನ ಒಬ್ಬಳು. ಎಲ್ಲರೂ ನಕ್ಕರು. ಅಮೋಸ್‌ನ ತುಟಿಯೂ ನಗುವಿನ ಆಕಾರಕ್ಕೆ ಹೊರಳಿತು, ಅಭ್ಯಾಸಬಲ.

ನಗು ಇಳಿದ ಮೇಲೆ ಹಾಲ್ವರ್ಸನ್ ಅವನ ಕಡೆ ತಿರುಗಿದ. "ಅಮೋಸ್, ನಿನಗೆ ಗೊತ್ತಿರತ್ತೆ. ಅದು ವಿಗ್ಗಾ, ಅವರ ಕೂದಲಾ?"

ಕೇಳಿದವನಲ್ಲಿ ಕುಹಕವಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಕೇಳಿದ್ದ. ಮೂವತ್ತೇಳು ಮುಖಗಳು ಅಮೋಸ್‌ನತ್ತ ತಿರುಗಿದವು. ಅವನಿಗೆ ಎಲ್ಲವೂ ಗೊತ್ತಿತ್ತು. ಆ ಚಿತ್ರದಲ್ಲಿ ಕಾಣುವ ನಲವತ್ತಮೂರು ತಲೆಗಳಲ್ಲಿ ಒಂದರ ಕೂದಲೂ ಸ್ವಂತದ್ದಲ್ಲ, ಪ್ರತಿಯೊಂದೂ ಕೈಯಿಂದ ಕಟ್ಟಿದ ವಿಗ್ಗು. ಎದ್ದು ಇಪ್ಪತ್ತು ಹೆಜ್ಜೆ ನಡೆದು ಹಿಂದಿನ ಮೇಜಿನಿಂದ ಒಂದನ್ನೆತ್ತಿ ಒಳಮಗ್ಗುಲು ಹೊರಗೆ ತಿರುಗಿಸಿದ್ದರೆ ಸಾಕಿತ್ತು. ಬಾಯಿ ತೆರೆಯುವ ಶ್ರಮವೂ ಬೇಕಿರಲಿಲ್ಲ.

ಅವನು ಕೂತಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡ.

"ಅವಳು ನನ್ನ ಶಿಷ್ಯೆ ಕಣಪ್ಪಾ. ನಾನು ಬಾಯಿ ಬಿಟ್ರೆ ಪಕ್ಷಪಾತ ಆಗತ್ತೆ. ನೀವೇ ನೋಡಿ ತೀರ್ಮಾನ ಮಾಡಿ."

ಮಾತು ಎಷ್ಟು ಸಭ್ಯ, ಎಷ್ಟು ದೊಡ್ಡತನ! ಕೆಲವರು ತಲೆದೂಗಿದರು. ಕಲಿಸಿದವನೇ ಹೇಳಲು ಹಿಂಜರಿದ ಮೇಲೆ ಹೇಳುವಂಥದ್ದು ಏನೂ ಇರಲಾರದು ಎಂದು ಉಳಿದವರು ಅರ್ಥ ಮಾಡಿಕೊಂಡರು. ಅರ್ಥವಾಗಲೆಂದೇ ಅವನು ಹಾಗೆ ಹೇಳಿದ್ದು. ಹದಿನಾಲ್ಕು ವರ್ಷದಿಂದ ಅವನು ಆ ಸಭೆಯಲ್ಲಿ ‘ನಮ್ಮವರು’ ಎಂಬ ಮಾತನ್ನು ಒಮ್ಮೆಯೂ ಆಡಿರಲಿಲ್ಲ, ಆಡಿದರೆ ತಾನು ಕೂತ ಕುರ್ಚಿ ಅಲುಗುತ್ತದೆ ಎಂಬ ಭಯ. ಆದರೆ ಅವತ್ತು ಅವನ ಬಾಯಿ ಕಟ್ಟಿದ್ದು ಆ ಹಳೆಯ ಭಯ ಒಂದೇ ಅಲ್ಲ. ಅದು ಅವನಿಗೆ ಆ ಕ್ಷಣದಲ್ಲೇ ಗೊತ್ತಿತ್ತು.

ಚೀಟಿ ಬಂತು. ದೊಡ್ಡ ಮೂಗಿಗೆ ಒಂಬತ್ತು ಬರೆದ. ರೊನೆಟಳಿಗೆ ಏಳು ಬರೆದ. ಬರೆದು ಮಡಚಿ ಪೆಟ್ಟಿಗೆಗೆ ಹಾಕಿ ಹೋಗಿ ಕಾಫಿ ಕುಡಿದ.

ಇಪ್ಪತ್ತಾರು ವರ್ಷದ ಹಿಂದೆ ಅದೇ ಸಭಾಂಗಣದಲ್ಲಿ ಅಮೋಸ್‌ನ ಕೆಲಸದ ಬಗ್ಗೆಯೂ ಯಾರೋ ಇದೇ ಪ್ರಶ್ನೆ ಕೇಳಿದ್ದರಂತೆ: ಅದು ಅವರದೇ ಕೂದಲಲ್ವಾ? ಉತ್ತರ ಗೊತ್ತಿದ್ದವರು ಆಗ ಒಳಗೆ ಯಾರೂ ಇರಲಿಲ್ಲ. ವಿಷಯ ತಿಳಿದ ದಿನ ಅವನು ಅಂಗಡಿಯಲ್ಲಿ ಬಾಚಣಿಗೆಗಳನ್ನೆಲ್ಲ ಗೋಡೆಗೆ ಎಸೆದಿದ್ದ. ಅವನ್ನು ಒಂದೊಂದಾಗಿ ಆರಿಸಿ ತಂದುಕೊಟ್ಟ ಇಪ್ಪತ್ತೊಂದು ವರ್ಷದ ರೊನೆಟಳಿಗೆ, "ನಮ್ಮವನು ಒಬ್ಬ, ಒಬ್ಬನೇ ಒಬ್ಬ ಆ ಕೋಣೇಲಿ ಕೂತಿದ್ದಿದ್ರೆ ಸಾಕಿತ್ತು ಕಣೇ," ಎಂದಿದ್ದ. ಈಗ ಒಬ್ಬ ಕೂತಿದ್ದ, ಇದ್ದೂ ಇಲ್ಲದವನಾದ.

ಬುಧವಾರ ಮಧ್ಯಾಹ್ನ ರೊನೆಟ ಮನೆಗೇ ಬಂದಳು. ಕೈಯಲ್ಲಿ ಗಂಬೋ ಸಾರಿನ ಪಾತ್ರೆ, ಮೇಲೆ ಟವೆಲ್ ಸುತ್ತಿದ್ದಳು. ಕಣ್ಣು ಊದಿಕೊಂಡಿತ್ತು, ಆದರೆ ಬಾಯಿ ಎಂದಿನ ಹಾಗೇ ಓಡುತ್ತಿತ್ತು.

"ಏನು, ಪರದೆ ಎಲ್ಲಾ ಎಳ್ಕೊಂಡು ಕೂತಿದ್ದೀರ? ಬಿಟ್ಟುಹೋಗಿದ್ದು ನಾನು. ನೀವ್ಯಾಕೆ ಹಿಂಗೆ ಸಾವಿನ ಮನೆ ಮಾಡ್ಕೊಂಡಿದ್ದೀರ?"

"ನಿದ್ದೆ ಬರ್ಲಿಲ್ಲ."

"ನನಗೂ ಇಲ್ಲ. ಇಡೀ ರಾತ್ರಿ ನಮ್ಮಮ್ಮನ ಜೊತೆ ಕೂತು ಅವರನ್ನೆಲ್ಲ ಹೆಸರು ಹಿಡಿದು ಬೈದೆ. ಅರ್ಧ ಜನರ ಹೆಸರು ಗೊತ್ತಿಲ್ಲ, ಅವರಿಗೆ ನಾನೇ ಹೆಸರಿಟ್ಟು ಬೈದೆ." ಅವಳು ಸಾರು ಬಡಿಸಿ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. "ತಿನ್ನಿ. ನಿಮ್ಮೂರಿನ ಥರಾನೇ ಮಾಡಿದೀನಿ, ಸೀಗಡಿ ಜಾಸ್ತಿ ಹಾಕಿ."

ಅವನು ಚಮಚದಿಂದ ಒಂದು ಸೀಗಡಿಯನ್ನು ತಟ್ಟೆಯ ಅಂಚಿಗೆ ಸರಿಸಿದ.

"ಮಿಸ್ಟರ್ ಅಮೋಸ್, ಒಂದು ಕೇಳ್ಲಾ? ಅಲ್ಲಿ ಕೇಳಿದ್ರಾ ಅದನ್ನ? ಅವರದೇ ಕೂದಲಾ ಅಂತ?"

ಅವನು ಚಮಚ ಕೆಳಗಿಟ್ಟ. "ಕೇಳಿದ್ರು."

"ಗೊತ್ತಿತ್ತು ನನಗೆ!" ಅವಳು ಮೇಜಿನ ಮೇಲೆ ಬಡಿದಳು. "ನೀವು ಹೇಳಿದ್ಮೇಲೂ ನಂಬಲಿಲ್ಲ, ಅಲ್ವಾ? ನಿಮ್ಮಂಥವರು ಹೇಳಿದ್ರೂ ನಂಬಲ್ಲ ಅಂದ್ರೆ ಇನ್ನೇನು ಮಾಡೋದು ಹೇಳಿ."

ಇದು ಹೇಳಿಬಿಡುವ ಕ್ಷಣವಾಗಿತ್ತು. ಸಾರಿನ ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತು. ಅವನು ಬಾಯಿ ತೆರೆದ, "ರೊನೆಟ," ಎಂದ, ಆಮೇಲೆ ತಟ್ಟೆಯ ಅಂಚಿಗೆ ಚೆಲ್ಲಿದ ಸಾರು ಒರೆಸತೊಡಗಿದ. ಅವಳು ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಬೆರಳುಗಳ ತುದಿಯಲ್ಲಿ ವಿಗ್ಗು ಕಟ್ಟುವ ಕೊಕ್ಕೆಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ ಅವನಿಗೆ ತಾಗಿತು.

"ಬೇಡ ಬಿಡಿ. ನೀವು ಅಲ್ಲಿ ಏನೇನು ಅನುಭವಿಸಿದ್ರೋ. ಭಾನುವಾರ ಊಟ ಇದೆ, ಮದರ್ ಒಡೆಸ ಆಗ್ಲೇ ಹೇಳಿಕಳ್ಸಿದ್ದಾರೆ. ನನ್ನ ಸಾಕ್ಷಿ ನೀವೇ. ಇನ್ಯಾರು ಇದ್ದಾರೆ ನನಗೆ?"

ಅವಳು ಹೋದ ಮೇಲೆ ಅವನು ಸಾರನ್ನು ವಾಪಸು ಪಾತ್ರೆಗೆ ಸುರಿದ.

ಆ ಊಟದ ಹೆಸರೇ ಬಿಟ್ಟುಹೋದವರ ಊಟ. ಚರ್ಚಿನ ಹೆಂಗಸರು ಐವತ್ತು ವರ್ಷದಿಂದ ನಡೆಸಿಕೊಂಡು ಬಂದದ್ದು. ಪಟ್ಟಿ ಹೊರಬಿದ್ದ ಮುಂದಿನ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ, ಹಿಂದಿನ ದೊಡ್ಡ ಕೋಣೆಯಲ್ಲಿ ನೇರಳೆ ಬಟ್ಟೆ ಹೊದಿಸಿದ ಕುರ್ಚಿ ಇಡುತ್ತಾರೆ. ತಮ್ಮವರಲ್ಲಿ ಆ ವರ್ಷ ಯಾರ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟರೋ ಅವರನ್ನು ಅದರಲ್ಲಿ ಕೂರಿಸಿ ಮೊದಲ ತಟ್ಟೆ ಬಡಿಸುತ್ತಾರೆ. ಅದಕ್ಕೂ ಮುಂಚೆ, ಆ ಕೆಲಸ ಬಲ್ಲವನೊಬ್ಬ ಎದ್ದು ನಿಂತು ಇವರು ಇಂಥದ್ದು ಮಾಡಿದ್ದಾರೆ, ನಾನು ಕಂಡಿದ್ದೇನೆ ಎಂದು ಎಲ್ಲರೆದುರು ಸಾಕ್ಷಿ ಹೇಳಬೇಕು. ಸಾಕ್ಷಿಯಾಗದೆ ಊಟವಿಲ್ಲ. ಅಮೋಸ್ ಆ ಕುರ್ಚಿಯಲ್ಲಿ ನಾಲ್ಕು ಸಲ ಕೂತಿದ್ದ.

ಭಾನುವಾರ ಕೋಣೆ ಕಿಕ್ಕಿರಿದಿತ್ತು. ಕರಿದ ಮೀನು, ಜೋಳದ ಬ್ರೆಡ್ಡು, ಬೇಯಿಸಿದ ಸೊಪ್ಪಿನ ವಾಸನೆ ಬಾಗಿಲಿಗೇ ಬಂದು ಹೊಡೆಯುತ್ತಿತ್ತು. ಅಮೋಸ್ ಒಳಗೆ ಬಂದಾಗ ಗಂಡಸರು ಎದ್ದು ಕೈಕುಲುಕಿದರು. "ನಮ್ಮ ಸಿಂಹ ಬಂತು," ಎಂದ ಯಾರೋ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಮೈ ಹುಷಾರಿಲ್ಲ ಎಂದು ಮನೆಯಲ್ಲೇ ಉಳಿಯಬಹುದಿತ್ತು, ಬೆಳಿಗ್ಗೆ ಟೈ ಕಟ್ಟುವಾಗ ಅದನ್ನು ಮೂರು ಸಲ ಯೋಚಿಸಿಯೂ ಇದ್ದ. ಆದರೆ ಅವನು ಬರದಿದ್ದರೆ ರೊನೆಟಳಿಗೆ ಸಾಕ್ಷಿಯಿಲ್ಲ. ಎರಡನೆಯ ಸಲ ಕೈಕೊಡಲು ಆಗದೆ ಬಂದಿದ್ದ.

ರೊನೆಟ ಆಗಲೇ ನೇರಳೆ ಕುರ್ಚಿಯಲ್ಲಿದ್ದಳು. ಪಕ್ಕದ ಮೇಜಿನ ಮೇಲೆ ಬಟ್ಟೆಯ ತಲೆಯೊಂದಕ್ಕೆ ‘ಬೂದಿನೀರು’ ಚಿತ್ರದ ನಾಯಕಿಯ ವಿಗ್ಗನ್ನು ತೊಡಿಸಿಟ್ಟಿದ್ದಳು. ಮದರ್ ಒಡೆಸ ಬಿಳಿಯ ಹ್ಯಾಟು ಸರಿಮಾಡಿಕೊಂಡು ಕೋಲು ಕುಟ್ಟಿದಳು.

"ಸಾಕ್ಷಿ ಯಾರು?"

"ನಾನು," ಎಂದ ಅಮೋಸ್.

"ಹಂಗಾದ್ರೆ ಹೇಳು, ಬ್ರದರ್ ಗಿಲರಿ!"

"ಹೇಳಿ! ಹೇಳಿ!" ಎಂದು ಕೋಣೆ ದನಿಗೂಡಿಸಿತು.

"ನಾನು ಆ ಕೋಣೇಲಿದ್ದೆ," ಎಂದ ಅವನು.

"ಇದ್ರು, ಇದ್ರು!"

"ಮೂವತ್ತೆಂಟು ಜನ. ಅದ್ರಲ್ಲಿ ನಾನೊಬ್ಬ."

"ಒಬ್ರೇ, ದೇವ್ರೇ!"

"ಅವರು ನನ್ನ ಕೇಳಿದ್ರು. ಆ ಕೂದಲು ನಟಿಯರದ್ದೇನಾ, ವಿಗ್ಗಾ ಅಂತ. ನನ್ನನ್ನೇ ಕೇಳಿದ್ರು."

"ಹೇಳಿ ಮತ್ತೆ!"

ಅವನು ಮೇಜಿನ ಅಂಚು ಹಿಡಿದು ನಿಂತ. "ನಾನು ಹೇಳ್ಲಿಲ್ಲ."

"ಹೌ..." ಎಂದು ಶುರುಮಾಡಿದ ಮುಂದಿನ ಸಾಲಿನ ಹೆಂಗಸು ಅಲ್ಲಿಗೇ ನಿಲ್ಲಿಸಿದಳು. ಅಡುಗೆಯ ಕಿಟಕಿಯಲ್ಲಿ ತಟ್ಟೆ ಜೋಡಿಸುತ್ತಿದ್ದವರೂ ಕೈ ನಿಲ್ಲಿಸಿದರು.

"ನನಗೆ ಗೊತ್ತಿತ್ತು. ಪ್ರತಿಯೊಂದೂ ಗೊತ್ತಿತ್ತು. ಅವಳು ನನ್ನ ಶಿಷ್ಯೆ, ನಾನು ಹೇಳಲ್ಲ ಅಂದೆ. ಅವರು ನಗಾಡಿದ್ರು, ನಾನೂ ನಕ್ಕೆ. ಆಮೇಲೆ ಮೂಗಿಗೆ ಒಂಬತ್ತು ಹಾಕಿ ಇವಳಿಗೆ ಏಳು ಹಾಕ್ದೆ. ಫೋನ್ ಮಾಡಿ ನನಗೆ ಸಮಾಧಾನ ಹೇಳಿದ್ರಲ್ಲ ನೀವೆಲ್ಲ, ಕೂಗಾಡಿ ಬಂದಿದಾನೆ ಅಂತ. ನಾನು ಕೂಗಾಡ್ಲಿಲ್ಲ. ಕಾಫಿ ಕುಡಿದು ಬಂದೆ."

ರೊನೆಟ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. "ಯಾಕೆ?"

"ಪಕ್ಷಪಾತ ಅಂದ್ಕೋತಾರೆ ಅಂತ. ನಮ್ಮವರ ಪರ ಮಾತಾಡ್ತಾನೆ ಅಂತ ನಾಳೆ..."

ಮದರ್ ಒಡೆಸ ಕೋಲಿನಿಂದ ನೆಲಕ್ಕೆ ಒಂದೇ ಏಟು ಕೊಟ್ಟಳು. "ಅದು ನೆಪ. ಸಾಕ್ಷಿಗೆ ಅಂತ ನಿಂತಿದ್ದೀಯ, ನಿಜ ಹೇಳು."

ಎಂಬತ್ತೆಂಟರ ಆ ಮುದುಕಿಯ ಎದುರು ಅವನ ಹದಿನಾಲ್ಕು ವರ್ಷದ ಸಭ್ಯತೆಯೆಲ್ಲ ಬಿಚ್ಚಿಹೋಯಿತು.

"ಹೊಟ್ಟೆ ಉರೀತು," ಎಂದ. "ನಾನೇ ಮೊದಲು ಆಗ್ತೀನಿ ಅಂದೆಯಲ್ಲ ರೊನೆಟ, ಆವಾಗ್ಲೇ ಹೊಟ್ಟೆ ಉರೀತು. ಆ ಜಾಗದಲ್ಲಿ ನನ್ನ ಹೆಸರು ಬರ್ಬೇಕಾಗಿತ್ತು ಅಂತ. ನನಗೆ ಸಿಗದೇ ಇದ್ದಿದ್ದು ನನ್ನ ಕೈಕೆಳಗೆ ಕಸ ಗುಡಿಸಿದವಳಿಗೆ ಯಾಕೆ ಸಿಗ್ಬೇಕು ಅಂತ. ಇಷ್ಟು ವರ್ಷ ಬಿಳಿಯರು ನನಗೆ ಮಾಡಿದ್ದನ್ನ ನಾನು ನಿನಗೆ ಮಾಡ್ದೆ. ಅವರು ಗೊತ್ತಿಲ್ಲದೆ ಮಾಡಿದ್ರು, ನಾನು ಗೊತ್ತಿದ್ದೇ ಮಾಡ್ದೆ."

ಹೇಳಿ ತಲೆ ತಗ್ಗಿಸಿದ. ಯಾರಾದರೂ ಬೈಯಲಿ ಎಂದು ಕಾದ, ಯಾರೂ ಬೈಯಲಿಲ್ಲ. ಅವನನ್ನು ಸಿಂಹ ಎಂದವನು ಈಗ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ರೊನೆಟ ಎದ್ದಳು. ಬಟ್ಟೆಯ ತಲೆಯಿಂದ ವಿಗ್ಗನ್ನು ಮೆಲ್ಲಗೆ ಬಿಡಿಸಿದಳು. ಅದನ್ನು ಒಳಮಗ್ಗುಲು ಹೊರಗೆ ಮಾಡಿ ಅವನ ಕೈಯಲ್ಲಿಟ್ಟಳು. ಅವಳು ಅಳುತ್ತಿರಲಿಲ್ಲ, ಅದೇ ಅವನಿಗೆ ಇನ್ನೂ ಕಷ್ಟವಾಯಿತು.

"ಹೇಳಿ," ಎಂದಳು. "ಅಲ್ಲಿ ಹೇಳ್ಬೇಕಾಗಿದ್ದನ್ನ ಇಲ್ಲಿ ಹೇಳಿ. ನಾನು ಕೇಳ್ಬೇಕು." ಗೋಡೆಯ ದೊಡ್ಡ ಗಡಿಯಾರದತ್ತ ತಿರುಗಿ ನಿಂತಳು. "ಶುರು ಮಾಡಿ."

ಅಮೋಸ್‌ನ ಬೆರಳಿಗೆ ವಿಗ್ಗಿನ ಒಳಗಿನ ಜಾಲರಿ ತಾಗಿತು, ಬೆರಳು ತಾನಾಗಿಯೇ ಅದರ ಹಾದಿ ಹಿಡಿಯಿತು.

"ಇದು ಅವಳ ಕೂದಲಲ್ಲ," ಎಂದ. "ಆ ನಟಿ ಇನ್ನೊಂದು ಸಿನಿಮಾಕ್ಕೆ ಅಂತ ತಲೆ ಬೋಳಿಸ್ಕೊಂಡಿದ್ಲು. ಇದು ಜಾಲರಿ, ಸೊಳ್ಳೆಪರದೆಗಿಂತ ತೆಳು. ಈ ಗಂಟು ನೋಡಿ. ಹಿಂದೆ ಒಂದು ಗಂಟಿಗೆ ನಾಲ್ಕು ಎಳೆ, ಹಣೆ ಹತ್ರ ಬರ್ತಾ ಬರ್ತಾ ಒಂದೇ ಎಳೆ. ಒಂದೊಂದನ್ನೂ ಕೈಯಲ್ಲಿ ಹಾಕೋದು. ಕೊಂಡು ತರೋ ಕೂದಲು ನೆಟ್ಟಗಿರತ್ತೆ. ಅದನ್ನ ಬೆಂಕಿಕಡ್ಡಿಗಿಂತ ಸಣ್ಣ ತಂತಿಗೆ ಸುತ್ತಿ, ಕುದಿಸಿ, ಒಣಗಿಸಿ, ಆಮೇಲೆ ಬಿಚ್ಚಿದ್ರೆ ನಮ್ಮ ಕೂದಲಿನ ಸುರುಳಿ ಬರತ್ತೆ. ಇಲ್ಲಿ ಕಿವಿ ಮೇಲೆ ತೆಳ್ಳಗಿದೆ, ಅದು ತಪ್ಪಲ್ಲ. ತಲೆಗೆ ಕಟ್ಟಿದ ಬಟ್ಟೆ ಉಜ್ಜಿ ಉಜ್ಜಿ ಒಗೆಯೋ ಹೆಂಗಸರಿಗೆ ಅಲ್ಲಿ ಕೂದಲು ಉದುರಿರತ್ತೆ. ತುದಿ ಕೆಂಚಗಿದೆ, ಅದು ಬಟ್ಟೆ ಕುದಿಸೋ ಬೂದಿನೀರಿನ ಹಬೆಗೆ. ವಾರವೆಲ್ಲಾ ಕೂದಲಿಗೆ ದಾರ ಸುತ್ತಿಟ್ಟು ಭಾನುವಾರ ಬಿಚ್ಚೋರು. ದಾರದ ಗುರುತು ಇಲ್ಲಿದೆ, ಇಲ್ಲೂ ಇದೆ. ಇಂಥಾವು ನಲವತ್ತಮೂರು. ಮೂರು ಜನ ಹೆಂಗಸರು ಹದಿನಾಲ್ಕು ವಾರ ಕೂತು ಮಾಡಿದ್ದು." ಅವನು ಉಸಿರೆಳೆದುಕೊಂಡ. "ನೋಡಿದವರಿಗೆ ಕೆಲಸಾನೇ ಕಾಣಲ್ಲ, ಅಷ್ಟು ಚೆನ್ನಾಗಿದೆ. ನಾನು ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಮಾಡಿಲ್ಲ."

ಹಿಂದಿನ ಸಾಲಿನಿಂದ ಒಬ್ಬ ಮುದುಕಿ, "ನಮಗೆ ಗೊತ್ತಪ್ಪಾ," ಎಂದಳು, ಬೇಸರವಿಲ್ಲದ ದನಿಯಲ್ಲಿ. "ನನ್ನಜ್ಜಿ ತಲೆ ಹಂಗೇ ಇತ್ತು."

ಹೌದು, ಆ ಕೋಣೆಯಲ್ಲಿ ಇದನ್ನು ಹೇಳಿಸಿಕೊಳ್ಳಬೇಕಾದವರು ಯಾರೂ ಇರಲಿಲ್ಲ.

ರೊನೆಟ ಗಡಿಯಾರದಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

"ಎರಡು ನಿಮಿಷ, ಮಿಸ್ಟರ್ ಅಮೋಸ್. ಬರೀ ಎರಡು ನಿಮಿಷ."

ಅವನ ಕೈಯಿಂದ ವಿಗ್ಗನ್ನು ತೆಗೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಸಾಕ್ಷಿಯಾಯಿತು, ಊಟ ಬಡಿಸಿ ಎಂದಳು ಮದರ್ ಒಡೆಸ.